ನಾಲ್ಕನೆಯ ಅಂಶ

ನಳಿನಾಕ್ಷಿ ಮೇಡಂಗೆ ಬೆಳಗಿನಿಂದ ತಲೆ ಕೆಟ್ಟುಹೋಗಿತ್ತು. ಮೌಲ್ಯಮಾಪನ ಕೇಂದ್ರದ ಕಾಫಿಯಿಂದಲ್ಲ, ಕನ್ನಡ ಎಂ.ಎ. ವಿದ್ಯಾರ್ಥಿಗಳ ತೌಲನಿಕ ಸಾಹಿತ್ಯದ ಉತ್ತರಪತ್ರಿಕೆಗಳಿಂದ. ‘ಬ್ರಿಟಿಷ್ ಸಾಹಿತ್ಯದಲ್ಲಿ ಮತ್ತೆ ಮತ್ತೆ ಕಾಣುವ ಆಶಯಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಇಪ್ಪತ್ತಮೂರು ಮಂದಿ ಒಂದೇ ಉತ್ತರವನ್ನು ಅಕ್ಷರ ಬಿಡದೆ ಕಕ್ಕಿದ್ದರು. ಮೊದಲ ಪುಟ ದಾಟಿ ಓದಲು ಮೇಡಂಗೆ ಮನಸ್ಸೇ ಬರಲಿಲ್ಲ.

“ಕೇಳಿ ಹಾಲಪ್ಪ ಸರ್,” ಎಂದು ಪಕ್ಕದ ಸಹೋದ್ಯೋಗಿಗೆ ಓದಿ ಹೇಳಿದರು. “‘ಒಂದನೆಯದು ವರ್ಗಭೇದ. ಎರಡನೆಯದು ಅನಾಥ ಮಕ್ಕಳ ಹಸಿವು. ಹಿಂದಿನ ಬೆಂಚು, ಗಲಾಟೆ ಸಾಕು. ಮೂರನೆಯದು ಸಿರಿವಂತರ ಸೊಕ್ಕು.’ ಮೇಷ್ಟ್ರು ಬೈದಿದ್ದನ್ನೂ ಬರ್ಕೊಂಡು ಬಾಯಿಪಾಠ ಮಾಡಿದಾವೆ! ಥೂ!”

“ಯಾರದೋ ಹಳೇ ನೋಟ್ಸು ಮೇಡಂ. ಜೆರಾಕ್ಸ್ ಅಂಗಡೀಲಿ ಜಿಲ್ಲೆಗೆಲ್ಲ ಹಂಚ್ತಾರೆ.”

ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಮನೆಗೆಲಸದ ಸಾಕವ್ವ. ಮೇಡಂ ಮುಖ ಕಿವುಚಿ ಕರೆ ಕತ್ತರಿಸಿದರು.

“ಪಾಠ ಮಾಡೋದು ಬಿಟ್ಟು ಉಕ್ತಲೇಖನ ಬರೆಸಿದಾನಲ್ಲ, ಆ ಅಯೋಗ್ಯ ಯಾರು ಅಂತ ಗೊತ್ತಾಗ್ಬೇಕು ಸರ್. ಅಂಥವನನ್ನ ಕ್ಲಾಸಿನೊಳಗೆ ಬಿಡಬಾರದು.”

“ಕೊಡಿ, ಮುಂದೆ ಏನಿದೆ ನೋಡೋಣ,” ಎಂದು ಹಾಲಪ್ಪ ಹಾಳೆ ತಿರುವಿ, ನಗುತ್ತಲೇ ಇಡೀ ಕೋಣೆಗೆ ಕೇಳುವಂತೆ ಓದತೊಡಗಿದರು:

“‘ನಾಲ್ಕನೆಯದು, ಆಳುಗಳ ಮೇಲೆ ಒಡೆಯರ ನಿರ್ದಯೆ. ಇದು ಮುಖ್ಯ, ಅಡಿಗೆರೆ ಎಳೆದುಕೊಳ್ಳಿ. ಹಲೋ, ಏನು ಸಾಕವ್ವ? ಮಗೂಗೆ ಜ್ವರ ಇದ್ರೆ ಹೊರಗೆ ಚಪ್ಪಲಿ ಬಿಡೋ ಕಡೆ ಮಲಗಿಸು, ಒಳಗೆ ತರಬೇಡ. ಪಾತ್ರೆ ತೊಳೆದೇ ಹೋಗು.’”