ಕದ್ದ ದುಃಖ

“ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮ ದುಃಖದಲ್ಲಿ ಎಪ್ಪತ್ತೊಂದು ಪರ್ಸೆಂಟ್ ಕಾಪಿ ಇದೆ,” ಅಂದ ಕಂಪ್ಯೂಟರ್ ಮುಂದೆ ಕೂತಿದ್ದ ಶಶಿಕಾಂತ್.

ಸೇತುರಾಮರಾಯರಿಗೆ ತಮ್ಮ ಕಿವಿಯ ಮೇಲೇ ಅನುಮಾನ ಬಂತು. ಬನಶಂಕರಿಯ ಆ ಕಾಲೇಜಿನಲ್ಲಿ, ‘ಸ್ವಂತಿಕೆ ಪರಿಶೀಲನಾ ವಿಭಾಗ’ ಎಂಬ ಬೋರ್ಡಿನ ಕೆಳಗೆ, ಮೊಮ್ಮಗಳು ವಿಭಾಳ ಪಕ್ಕ ಅವರು ಕೈಕಟ್ಟಿ ಕೂತಿದ್ದರು. ಸಂಗಾತಿಯನ್ನು ಕಳೆದುಕೊಂಡ ಹಿರಿಯರ ಮಾತುಗಳನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳುವುದು ವಿಭಾಳ ಕೊನೆಯ ವರ್ಷದ ಪ್ರಾಜೆಕ್ಟು. ಮೊದಲ ಅಧ್ಯಾಯವೇ ತಾತನದು. ಅಜ್ಜಿ ಸತ್ಯಭಾಮಾ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕಾಲೇಜಿಗೆ ಈ ಸಲ ಕದ್ದ ಸಾಲು ಹಿಡಿಯುವ ಹೊಸ ಸಾಫ್ಟ್‌ವೇರ್ ಬಂದಿತ್ತು. ಹತ್ತು ಪರ್ಸೆಂಟ್ ದಾಟಿದರೆ ಪ್ರಾಜೆಕ್ಟ್ ವಾಪಸ್, ಹುಡುಗಿಯ ವರ್ಷ ಹಾಳು. ಮಾತು ಹೇಳಿದವರ ರುಜುವೂ ಬೇಕಂತೆ. ಒಪ್ಪಿಸಲು ಇವತ್ತೇ ಕೊನೆಯ ದಿನ. ಅದಕ್ಕೇ ಅವಳು ತಾತನನ್ನು ಆಟೋದಲ್ಲಿ ಕೂರಿಸಿಕೊಂಡು ಓಡಿಬಂದಿದ್ದಳು.

ಶಶಿಕಾಂತ್ ಪರದೆಯನ್ನು ಅವರತ್ತ ತಿರುಗಿಸಿದ. ಪುಟವೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪು. “ಇಲ್ಲಿ ನೋಡಿ. ‘ಮುತ್ತೈದೆಯಾಗಿ ಹೋದಳು, ಪುಣ್ಯವಂತೆ.’ ಇದು ನೂರಾರು ಕಡೆ ಇದೆ. ‘ಮನೆ ಬಿಕೋ ಅನ್ನುತ್ತೆ.’ ಇದು ಯಾವುದೋ ಸೀರಿಯಲ್ ಕಥೆಯಲ್ಲಿದೆ. ‘ದೇವರು ದೊಡ್ಡವನು.’ ಇದಂತೂ ಆಟೋ ಹಿಂದೆ ಕೂಡ ಇದೆ ಸಾರ್!”

“ಅವಳು ಮುತ್ತೈದೆಯಾಗಿಯೇ ಹೋದಳಪ್ಪ. ಇನ್ನು ಹೇಗೆ ಹೇಳಲಿ?”

“ಅದೇ ಸಾರ್, ಸ್ವಲ್ಪ ಬೇರೆ ಥರ. ನಿಮ್ಮದೇ ಸ್ಟೈಲಲ್ಲಿ.”

ವಿಭಾಳಿಗೆ ರೇಗಿತು. “ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು ಅಂತ ಕ್ಲಾಸಲ್ಲಿ ಪಾಠ ಮಾಡ್ತಾರಲ್ಲ ಸಾರ್?”

“ಬರಿಯಮ್ಮ, ಬೇಡ ಅಂದೋರ್ಯಾರು? ಇನ್ನೊಬ್ಬರು ಹೇಳಿದ್ದನ್ನ ಇವರು ಹೇಳದೇ ಇದ್ರೆ ಆಯ್ತು.”

ರಾಯರು ಆ ಕೆಂಪು ಸಾಲುಗಳನ್ನು ನೋಡಿದರು. ಹುಡುಗ ಹೇಳುವುದರಲ್ಲಿ ಸುಳ್ಳಿರಲಿಲ್ಲ. ಸತ್ಯಭಾಮಾ ಹೋದ ದಿನ ಅವರ ಬಾಯಲ್ಲಿ ಮಾತೇ ಉಳಿದಿರಲಿಲ್ಲ. ಯಡಿಯೂರಿನಿಂದ ಬಂದ ಷಡ್ಡಕ ಒಂದು ಮಾತು ತಂದ, ಎದುರುಮನೆಯ ಪಂಕಜಾ ಇನ್ನೊಂದು ತಂದರು. ಒಲೆ ಹಚ್ಚದ ಮನೆಗೆ ನೆಂಟರಿಷ್ಟರು ಅಡಿಗೆ ತಂದಿಡುತ್ತಾರಲ್ಲ, ಹಾಗೆ. ಅದನ್ನೇ ಉಂಡು ಇಷ್ಟು ದಿನ ಜೀವ ಹಿಡಿದಿದ್ದಾಯಿತು. ಹಾಗೆ ಉಂಡದ್ದಕ್ಕೂ ಕಳವು ಅಂತ ಹೆಸರೇ?

“ಸರಿ, ಬರೆದುಕೊಳ್ಳಿ,” ಅಂದರು. ಯಾರಿಗೂ ಹೇಳದ, ಹೇಳಲು ನಾಚಿಕೆಪಟ್ಟ ಮಾತು ಅದು. “ಅವಳು ಹೋದ ಮೇಲೆ ಪೂಜೆಗೆ ಕೂತರೆ ಮಂತ್ರ ಮರೆತುಹೋಗುತ್ತೆ.”

ಶಶಿಕಾಂತ್ ಟೈಪ್ ಮಾಡಿ ಗುಂಡಿ ಒತ್ತಿದ. ಅದೂ ಕೆಂಪಾಯಿತು.

“ಇದನ್ನೂ ಸುಮಾರು ಜನ ಹೇಳ್ಬಿಟ್ಟಿದ್ದಾರೆ ಸಾರ್.”

“ಹೌದೇ?” ರಾಯರು ಕುರ್ಚಿಯ ತುದಿಗೆ ಬಂದರು. ಅರವತ್ತು ವರ್ಷ ಬಾಯಿಪಾಠವಾಗಿದ್ದ ಮಂತ್ರ ಕೈಕೊಟ್ಟದ್ದು ತಮಗೊಬ್ಬರಿಗೇ, ತಮ್ಮ ಭಕ್ತಿಯಲ್ಲೇ ಹುಳುಕಿದೆ ಎಂದು ಅವರು ದೇವರ ಮುಂದೆ ತಲೆಯೆತ್ತದೆ ಕೂರುತ್ತಿದ್ದರು. “ಅವರಿಗೆಲ್ಲ ಆಮೇಲೆ ನೆನಪಾಯಿತಂತೆಯೇ?”

“ಅದೆಲ್ಲ ಇದು ಹೇಳಲ್ಲ ಸಾರ್. ಕಾಪಿ ಹೌದೋ ಅಲ್ವೋ ಅಷ್ಟೇ ಹೇಳೋದು.”

ವಿಭಾಳ ಕಣ್ಣು ಗೋಡೆಯ ಗಡಿಯಾರದ ಮೇಲೇ ಇತ್ತು. ಶಶಿಕಾಂತನಿಗೂ ಪಾಪ ಅನ್ನಿಸಿತೋ ಏನೋ. “ಇರಿ, ಇದಕ್ಕೊಂದು ದಾರಿ ಇದೆ,” ಎಂದು ಅದೇ ಸಾಫ್ಟ್‌ವೇರಿನ ಇನ್ನೊಂದು ಗುಂಡಿ ಒತ್ತಿದ. ಪದಗಳನ್ನು ಅದೇ ಬದಲಾಯಿಸಿಕೊಡುತ್ತದಂತೆ. ಕಳ್ಳನನ್ನು ಹಿಡಿಯುವುದೂ ಅದೇ, ಗೋಡೆ ಹಾರಿಸುವುದೂ ಅದೇ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪುಟವೆಲ್ಲ ಹಸಿರಾಯಿತು. ವಿಭಾ ಸಣ್ಣ ದನಿಯಲ್ಲಿ ಓದಿದಳು: “ಸೌಭಾಗ್ಯಸಹಿತ ಮಹಿಳೆಯು ನಿರ್ಗಮಿಸಿರುತ್ತಾಳೆ. ವಾಸಸ್ಥಾನವು ಖಾಲಿತನದ ಸದ್ದನ್ನು ಹೊರಡಿಸುತ್ತಿದೆ. ಭಗವಂತನ ಗಾತ್ರವು ಅಧಿಕವಾಗಿದೆ.”

“ಕೃಷ್ಣ, ಕೃಷ್ಣ!” ಅಂದರು ರಾಯರು.

“ಸೊನ್ನೆ ಪರ್ಸೆಂಟ್ ಸಾರ್! ಈಗ ಪೂರ್ತಿ ನಿಮ್ಮ ಸ್ವಂತದ್ದು. ಇಲ್ಲೊಂದು ಸೈನ್ ಹಾಕಿ, ಇವು ನಿಮ್ಮದೇ ಮಾತು ಅಂತ.”

ರಾಯರ ಕೈ ಮೇಲೇಳಲಿಲ್ಲ. ಹುಟ್ಟಿದಾಗಿನಿಂದ ಸುಳ್ಳಿಗೆ ರುಜು ಹಾಕಿದವರಲ್ಲ.

“ಬೇಡ ಬಿಡಿ ತಾತ,” ಅಂದಳು ವಿಭಾ. “ಮುಂದಿನ ವರ್ಷ ಬರೀತೀನಿ.” ಹಾಗೆ ಅನ್ನುತ್ತಲೇ ಪ್ರಾಜೆಕ್ಟಿನ ಹಾಳೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಅದನ್ನು ಕಂಡದ್ದೇ ರಾಯರು ಪೆನ್ನು ಎಳೆದುಕೊಂಡು ರುಜು ಹಾಕಿಬಿಟ್ಟರು. ಅಲ್ಲಿಗೆ ಸತ್ಯಭಾಮಾ ಅಧಿಕೃತವಾಗಿ ‘ನಿರ್ಗಮಿಸಿದಳು’.

ಪ್ರಾಜೆಕ್ಟ್ ಒಪ್ಪಿಸಲು ವಿಭಾ ಓಡಿದಳು. ಶಶಿಕಾಂತ್ ರಾಯರ ತೋಳು ಹಿಡಿದು ಮೆಟ್ಟಿಲವರೆಗೆ ಬಂದ. ಅಲ್ಲಿ ಪರದೆಯೂ ಇರಲಿಲ್ಲ, ಗುಂಡಿಯೂ ಇರಲಿಲ್ಲ. ಅವನು ಎರಡೂ ಕೈ ಜೋಡಿಸಿದ.

“ಸಾರ್... ಅಮ್ಮಾವರ ಆತ್ಮಕ್ಕೆ ಶಾಂತಿ ಸಿಗ್ಲಿ. ದುಃಖ ತಡ್ಕೊಳ್ಳೋ ಶಕ್ತಿ ದೇವರು ನಿಮಗೆ ಕೊಡ್ಲಿ.”

ಹೇಳಿ ಮುಗಿಸಿದವನೇ ನಾಲಿಗೆ ಕಚ್ಚಿಕೊಂಡ. ರಾಯರ ಕಣ್ಣು ಆಗಲೇ ತುಂಬಿತ್ತು.

“ಬದಲಾಯಿಸಬೇಡಪ್ಪ,” ಅಂದರು. “ಹಾಗೇ ಇರಲಿ.”