ಐವತ್ತೇಳು ಕಿಲೋ ಮರಳು

"ಆ ಸೀಟಿನಲ್ಲಿ ಮರಳಿನ ಮೂಟೆ ಯಾಕೆ ಭಾವ? ನಾನು ಕೂತ್ಕೋತೀನಿ ಅಂತ ಬೆಳಿಗ್ಗೆಯಿಂದ ಬಡ್ಕೋತಾ ಇದ್ದೀನಲ್ಲ!" ಎಂದು ನಾದಿನಿ ಕಟ್ಟೆಯ ಮೇಲಿಂದ ಕೂಗಿದಳು.

"ನೀನು ಬೇಡಮ್ಮ. ತೂಕ ಹೊಂದೋದಿಲ್ಲ," ಎಂದರು ದೋಣಿ ಮೇಷ್ಟ್ರು, ತಲೆಯೆತ್ತದೆ.

"ದಪ್ಪ ಅಂತ ಬಾಯಿಬಿಟ್ಟು ಹೇಳಿಬಿಡಿ, ನನಗೇನೂ ಬೇಜಾರಿಲ್ಲ."

ದೋಣಿಯ ಹಿಂದೆ, ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು, ಹಗ್ಗದ ಹಿಡಿಯನ್ನು ಎದೆಗವಚಿಕೊಂಡು ಕುತ್ತಿಗೆಯವರೆಗೆ ನೀರಿನಲ್ಲಿದ್ದ ದರ್ಜಿ ನಕ್ಕ. ಐವತ್ತು ದಾಟಿದ ಆಸಾಮಿ. ದೋಣಿ ಎಳೆದಾಗ ನೀರಿನ ಮೇಲೆ ಎದ್ದು ನಿಲ್ಲಬೇಕೆಂದು ಹೋದ ವರ್ಷವೆಲ್ಲ ಒದ್ದಾಡಿ ಒಮ್ಮೆಯೂ ನಿಂತವನಲ್ಲ. "ಮೇಷ್ಟ್ರೇ, ಇವತ್ತೂ ನಿಲ್ಲದಿದ್ರೆ ಈ ಹಲಗೆಗಳನ್ನ ಇಸ್ತ್ರಿ ಮಾಡೋಕೆ ಇಟ್ಕೋತೀನಿ," ಎಂದ.

ಮೇಷ್ಟ್ರು ನಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ದೋಣಿ ಹೊರಡುತ್ತಿದ್ದುದು ಇದೇ ಮೊದಲು. ಅದು ಹಿಂದಿನಂತೆ ಓಡದಿದ್ದರೆ ಇನ್ನು ಚುಕ್ಕಾಣಿ ಮುಟ್ಟುವುದಿಲ್ಲವೆಂದು ಬೆಳಗಿನ ಪ್ರಾರ್ಥನೆಯಲ್ಲಿ ದೇವರಿಗೆ ಹೇಳಿಬಿಟ್ಟಿದ್ದರು. ಹನ್ನೊಂದು ವರ್ಷ ಅವಳು ಎಡಗಡೆ, ಹಿಂದಕ್ಕೆ ಮುಖಮಾಡಿ. ಇವರು ಬಲಗಡೆ, ಮುಂದಕ್ಕೆ. ಇಬ್ಬರ ತೂಕವೂ ಹೆಚ್ಚುಕಡಿಮೆ ಒಂದೇ. ದೋಣಿಯ ಹಿಂಬದಿಯಲ್ಲಿ, ನೀರಿನ ಮಟ್ಟಕ್ಕೆ, ಟ್ರಿಮ್ ಟ್ಯಾಬ್ ಎಂಬ ಎರಡು ಅಗಲ ತಗಡುಗಳಿದ್ದವು. ಓಡುವಾಗ ಎರಡನ್ನೂ ಬಾಗಿಸಿದರೆ ಹಿಂಬದಿ ಎದ್ದು, ಮೂತಿ ಇಳಿದು, ದೋಣಿ ಬೇಗ ನೀರಿನ ಮೇಲೇರುತ್ತದೆ. ಒಂದನ್ನೇ ಬಾಗಿಸಿದರೆ ಆ ಮಗ್ಗುಲು ಮಾತ್ರ ಏಳುತ್ತದೆ. ಬಲಗಡೆಯದನ್ನು ಒಂದಿಷ್ಟು ಹೆಚ್ಚು ಬಾಗಿಸಿದ್ದರೆ ಖಾಲಿ ಸೀಟಿನ ಓರೆ ಸರಿಹೋಗುತ್ತಿತ್ತು. ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಎರಡು ಸ್ವಿಚ್ಚುಗಳನ್ನು ಅವರು ಎಂದೂ ಬೇರೆಬೇರೆಯಾಗಿ ಒತ್ತಿದವರಲ್ಲ. ಅದಕ್ಕೇ ಬಕೆಟ್ಟಿನಲ್ಲಿ ತೂಗಿ ತೂಗಿ ಮರಳು ತುಂಬಿದ್ದರು, ಐವತ್ತೇಳು ಕಿಲೋ. ಆಸ್ಪತ್ರೆಯ ಚೀಟಿಯಲ್ಲಿದ್ದ ಕಡೆಯ ಮೂವತ್ತೊಂಬತ್ತಲ್ಲ. ಕಾಯಿಲೆಗೆ ಮುಂಚಿನ ಐವತ್ತೇಳು.

ಎರಡು ಸ್ವಿಚ್ಚನ್ನೂ ಒಟ್ಟಿಗೆ ಒತ್ತಿ ವೇಗ ಕೊಟ್ಟರು. ಮೂತಿ ತಗ್ಗಿತು, ಹಗ್ಗ ಬಿಗಿಯಿತು. ಹಿಂದಿನಿಂದ "ಅಯ್ಯಯ್ಯೋ" ಎಂಬ ಕೂಗು ಇದ್ದಕ್ಕಿದ್ದಂತೆ "ಎದ್ದೆ! ಎದ್ದೆ!" ಎಂದಾಯಿತು. ತಗಡುಗಳನ್ನು ಮೆಲ್ಲಗೆ ಮೇಲಕ್ಕೆತ್ತಿದರು. ದೋಣಿ ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ. "ನೋಡಿದ್ಯೇನೇ, ನಿನ್ನ ದರ್ಜಿ ಎದ್ದೇಬಿಟ್ಟ!" ಎಂದರು ಮೂಟೆಯ ಕಡೆಗೆ. ಆಮೇಲೆ ಮಾತು ನಿಲ್ಲಲಿಲ್ಲ. ಅಡಿಗೆಮನೆಯ ಸೋರುವ ನಲ್ಲಿ, ಕನ್ನಡಕ ಕೊನೆಗೆ ಸಿಕ್ಕಿದ ಜಾಗ, ಅವಳ ತಂಗಿಯ ಅಡಿಗೆಯ ವಿಪರೀತ ಉಪ್ಪು, ಎಲ್ಲವನ್ನೂ ಹೇಳಿದರು. ನಡುವೆ ಒಮ್ಮೆ ದೋಣಿ ಸರಕ್ಕನೆ ಹಗುರವಾಯಿತು. ತಮ್ಮ ಎದೆಯೇ ಹಗುರವಾಯಿತೆಂದುಕೊಂಡರು. ಹಿಂದೆ ಯಾರಾದರೂ ಬಿದ್ದರೆ ಅವಳು ಇವರ ಹೆಗಲಿಗೆ ಎರಡು ಸಲ ತಟ್ಟುತ್ತಿದ್ದಳು. ಹಿಂದಿರುಗಿ ನೋಡುವ ಅಭ್ಯಾಸವೇ ಇವರಿಗಿರಲಿಲ್ಲ. ಇವತ್ತು ಹೆಗಲಿಗೆ ಯಾರೂ ತಟ್ಟಲಿಲ್ಲ. ಆದ್ದರಿಂದ ಎಲ್ಲವೂ ಕ್ಷೇಮವಾಗಿತ್ತು.

ಸರೋವರ ಸುತ್ತಿ ಬರುವಾಗ ಕಟ್ಟೆಯ ಮೇಲೆ ನಾದಿನಿ ಟವೆಲು ಬೀಸುತ್ತ ಕುಣಿಯುತ್ತಿದ್ದಳು. ಸಂತೋಷಕ್ಕೆಂದುಕೊಂಡು ಇವರೂ ಕೈ ಬೀಸಿದರು. ಹತ್ತಿರವಾದಾಗ ಮಾತು ಕೇಳಿಸಿತು: "ಹಿಂದೆ ನೋಡ್ರೀ ಭಾವ! ಹಿಂದೆ!"

ಹಗ್ಗದ ತುದಿಯಲ್ಲಿ ಬರಿಯ ಹಿಡಿ ಕುಪ್ಪಳಿಸಿಕೊಂಡು ಬರುತ್ತಿತ್ತು.

ಬಂದ ದಾರಿಯಲ್ಲೇ ದೋಣಿ ಹೊರಳಿಸಿದರು. ಎಲ್ಲಿ ಬಿದ್ದ, ಯಾವಾಗ ಬಿದ್ದ, ಒಂದೂ ತಿಳಿಯದು. ದೋಣಿ ಹಿಂದಿನಂತೆಯೇ ಓಡಿತ್ತು; ದೇವರು ಕೇಳಿದ್ದನ್ನು ಕೊಟ್ಟಿದ್ದ. ನಡುನೀರಿನಲ್ಲಿ ಜನ ತುಂಬಿದ ದೊಡ್ಡ ದೋಣಿಯೊಂದು ಎಂಜಿನ್ ನಿಲ್ಲಿಸಿಕೊಂಡು ನಿಂತಿತ್ತು. ಅದರ ಮೂತಿಯಿಂದ ಹತ್ತು ಮಾರು ದೂರದಲ್ಲಿ ದರ್ಜಿಯ ಕೆಂಪು ಲೈಫ್ ಜಾಕೀಟು ತೇಲುತ್ತಿತ್ತು. "ಏನ್ ಯಜಮಾನ್ರೇ, ಮನುಷ್ಯರನ್ನ ದಾರೀಲಿ ಉದುರಿಸ್ಕೊಂಡು ಹೋಗ್ತೀರಲ್ಲ!" ಎಂದು ಅದರ ಚಾಲಕ ಬಗ್ಗಿ ಕೇಳಿದ. ಮೇಷ್ಟ್ರು ದೋಣಿಯನ್ನು ಕೆಂಪು ಜಾಕೀಟಿನ ಬಳಿಗೆ ತಂದರು.

ಮೇಲೆತ್ತಿಕೊಂಡಾಗ ದರ್ಜಿಯ ಹಲ್ಲು ಕಟಕಟ ಎನ್ನುತ್ತಿತ್ತು. ಅವನು ಬೈಯಲಿಲ್ಲ. ಕಣ್ಣರಳಿಸಿ ಕೇಳಿದ್ದು ಒಂದೇ ಮಾತು. "ಎಷ್ಟು ಹೊತ್ತು ನಿಂತಿದ್ದೆ ಮೇಷ್ಟ್ರೇ?"

ಮೇಷ್ಟ್ರ ಬಾಯಿಗೆ ಒಂದು ಸುಳ್ಳು ಬಂತು. ನುಂಗಿಕೊಂಡರು. "ನಾನು ನೋಡಲಿಲ್ಲಪ್ಪ."

"ಯಾರೂ ನೋಡಲಿಲ್ವಾ?"

ಇಬ್ಬರೂ ಮೂಟೆಯ ಕಡೆ ನೋಡಿದರು.

ಕಟ್ಟೆಗೆ ಬಂದ ಮೇಲೆ ಮೇಷ್ಟ್ರು ಮೂಟೆಯ ಒಂದು ಮೂಲೆ ಹಿಡಿದರು. ಹೇಳಿಸಿಕೊಳ್ಳದೆ ದರ್ಜಿ ಇನ್ನೊಂದನ್ನು ಹಿಡಿದ. ಮೂಟೆಯನ್ನು ಕಟ್ಟೆಯ ಮೇಲಿಟ್ಟು, "ಇನ್ನೊಂದು ಸಲ ನಿಲ್ತೀಯಾ?" ಎಂದು ಕೇಳಿದರು.

"ನೋಡೋರಿದ್ರೆ ನಿಲ್ತೀನಿ," ಎಂದು ದರ್ಜಿ ಮತ್ತೆ ನೀರಿಗಿಳಿದ.

ನಾದಿನಿ ಹತ್ತಿ ಕೂತೊಡನೆ ದೋಣಿ ಎಡಕ್ಕೆ ವಾಲಿತು. "ಅಯ್ಯೋ, ನೀವು ಹೇಳಿದ್ದು ಸರಿ ಭಾವ, ನಾನು ಇಳೀತೀನಿ," ಎಂದು ಅವಳು ಅರ್ಧ ಎದ್ದಳು.

"ಕೂತ್ಕೋ. ಅದಕ್ಕೆ ಉಪಾಯ ಇದೆ." ಮೇಷ್ಟ್ರು ಎಡಗಡೆಯ ಸ್ವಿಚ್ಚೊಂದನ್ನೇ ಒತ್ತಿದರು. ಹಿಂಬದಿಯಲ್ಲಿ ಒಂದೇ ತಗಡು ಗುಂಯ್‌ಗುಡುತ್ತ ಬಾಗಿತು. ಸದ್ದು ನಿಂತ ಮೇಲೂ ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಅಷ್ಟರಲ್ಲಿ ನಾದಿನಿ ಸೀಟನ್ನು ತಿರುಗಿಸಿಕೊಂಡು, ಮುಂದಕ್ಕೆ ಮುಖಮಾಡಿ, ಕಂಬಿ ಹಿಡಿದು ಗಟ್ಟಿಯಾಗಿ ಕೂತಿದ್ದಳು.

"ಹಾಗಲ್ಲಮ್ಮ," ಎಂದರು ಮೇಷ್ಟ್ರು. "ಹಿಂದಕ್ಕೆ ನೀನು ನೋಡು. ಮುಂದಕ್ಕೆ ನಾನು ನೋಡ್ಕೋತೀನಿ."