ಪೋಸ್ಟರ್‌ಗೆ ಒಬ್ಬರೇ ಸಾಕು

"ಖಾಲಿ ಕೊಡ ಸಾಕ್ರಿ ಆಯಿ, ತಲಿ ಮ್ಯಾಲ ಇಟ್ಕೊಂಡು ಮೆಟ್ಟಲ ಹತ್ತಿ ಬರ್ರಿ," ಎಂದು ಪ್ರವಾಸೋದ್ಯಮ ಇಲಾಖೆಯ ರೂಪಾಲಿ ಸಂಗವ್ವನತ್ತ ಕ್ಯಾಮೆರಾ ಎತ್ತಿದಳು. ಬಿಳೂರಿನ ಹಳೇ ಬಾವಿಗೆ ಪ್ರವಾಸಿಗರನ್ನು ಕರೆಯುವ ಪೋಸ್ಟರ್‌ಗೆ ಈ ಚಿತ್ರ.

ಮನೆಗೆ ನಳ ಬಂದ ಮೇಲೆ ಸಂಗವ್ವ ಇಲ್ಲಿ ಇಳಿದೇ ಇರಲಿಲ್ಲ. ಆದರೂ ರೂಢಿಯ ಕೈ ಕೊಡವನ್ನು ತುಂಬಿಯೇಬಿಟ್ಟಿತು. ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಕೊಡ ಎತ್ತಿಕೊಡುವವರಿಗಾಗಿ ಕಾಯುತ್ತ ನಿಂತಳು. ಮೇಲೆ ನೋಡುತ್ತಿದ್ದ ಜನರ ನಡುವಿನಿಂದ ಹಳೇ ಗೆಳತಿ ಮಹಮುದಾ ಇಳಿದು ಬಂದಳು. ಕೊಡ ಎತ್ತಿಟ್ಟು, ಹಿಂದೆ ನೀರಿಗೆ ಬರುತ್ತಿದ್ದಾಗಿನಂತೆಯೇ ಸಂಗವ್ವನ ಸೆರಗು ಸರಿಮಾಡಿದಳು.

"ನೀವೊಂಚೂರು ಬಾಜೂಕ ಸರೀರಿ. ಒಬ್ಬರೇ ಇದ್ರ ಪೋಸ್ಟರ್ ಚಲೋ ಕಾಣ್ತದ," ಎಂದಳು ರೂಪಾಲಿ.

ಸರಿಯಹೊರಟ ಮಹಮುದಾಳ ಕೈಯನ್ನು ಸಂಗವ್ವ ಹಿಡಿದುಕೊಂಡಳು.

"ಈ ಬಾಂವಿಗೆ ನಾ ಒಬ್ಬಾಕೇ ಯಾವತ್ತೂ ಬಂದಿಲ್ಲವ್ವಾ."